ಓದಕ್ಕ

ನಾನು ಕುರುಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಜನಕ್ಕೆ ಅರ್ಧ ಮಾತಾದ ಮೇಲೆ ಗೊತ್ತಾಗಿ, ಕಣ್ಣಿನ ಜೊತೆ ಕಿವಿಯೂ ಹೋಗಿದೆ ಎನ್ನುವ ಹಾಗೆ ದನಿ ಏರಿಸಿ ಮಾತಾಡಲು ಶುರು ಮಾಡುತ್ತಾರೆ. ಕಿವಿ ನೆಟ್ಟಗಿದೆ. ಕಿವಿಯಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತಿರುವುದು.

ಕೆಲಸ ಇಷ್ಟೆ. ಬೇರೆ ಬೇರೆ ಕಂಪನಿಯವರು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ನಮ್ಮ ಕಚೇರಿಗೆ ಬರುತ್ತವೆ. ಕಳ್ಳ ನುಗ್ಗುವಂಥ ಕಂಡಿ ಅದರಲ್ಲಿ ಎಲ್ಲಾದರೂ ಇದೆಯೇ ಎಂದು ನಾವು ಹುಡುಕಿ ಹೇಳಬೇಕು. ಮೊದಲು ಸ್ಕ್ಯಾನರ್ ಎಂಬ ಇನ್ನೊಂದು ಪ್ರೋಗ್ರಾಮು ಸಾಲು ಸಾಲು ಜಾಲಾಡಿ, ರಾಶಿ ರಾಶಿ ದೂರು ತಂದು ಸುರಿಯುತ್ತದೆ. ಅದು ಅನುಮಾನದ ಪಿಶಾಚಿ, ನೆರಳು ಕಂಡರೂ ಬೊಬ್ಬೆ ಹಾಕುತ್ತದೆ. ಯಾವುದು ನಿಜವಾದ ಕಂಡಿ, ಯಾವುದು ಬರೀ ಬೊಬ್ಬೆ ಎಂದು ವಿಂಗಡಿಸಲು ಮನುಷ್ಯರೇ ಕೂತು ಓದಬೇಕು. ಮಿಕ್ಕವರು ಕಣ್ಣಿನಿಂದ ಓದುತ್ತಾರೆ. ನನಗೆ ನಮ್ಮ ಅಕ್ಕ ಓದಿ ಹೇಳುತ್ತಾಳೆ. ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು, ಆದರೂ ಓದುತ್ತಾಳೆ.

ನಾನು ಕಲಿಯುವ ಕಾಲಕ್ಕೂ ಪರದೆಯ ಮೇಲಿನದ್ದನ್ನು ಓದಿ ಹೇಳುವ ಪ್ರೋಗ್ರಾಮುಗಳು ಇದ್ದವು. ಕಥೆ ಓದಲು ಅವು ಸಾಕು. ಆದರೆ ಸಿ ಭಾಷೆ ಕೊಟ್ಟರೆ ಚಿಹ್ನೆಗಳನ್ನೆಲ್ಲ ನುಂಗಿಹಾಕುತ್ತಿದ್ದವು, ಇಲ್ಲವೇ ಮೂಗಿನಲ್ಲಿ ಗೊಣಗುತ್ತಿದ್ದವು. ಸಿ ಭಾಷೆಯ ಜೀವವೇ ಆ ಚಿಹ್ನೆಗಳಲ್ಲಿದೆ. ಹಾಗಾಗಿ ಅಕ್ಕ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು. ಅವಳಿಗೂ ಕಂಪ್ಯೂಟರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಕೆಲಸಕ್ಕಿದ್ದದ್ದು ಕನ್ನಡಕದ ಅಂಗಡಿಯಲ್ಲಿ. "ಊರಿಗೆಲ್ಲ ಕನ್ನಡಕ ಹಾಕ್ತೀನಿ, ನಿನ್ನೊಬ್ಬನಿಂದ ಮಾತ್ರ ನನಗೆ ಬಿಡಿಗಾಸಿನ ವ್ಯಾಪಾರ ಇಲ್ಲ ನೋಡು" ಎಂದು ರೇಗಿಸುತ್ತಿದ್ದಳು.

ಚಿಹ್ನೆಗಳ ಇಂಗ್ಲಿಷ್ ಹೆಸರು ಅವಳಿಗೆ ಗೊತ್ತಿರಲಿಲ್ಲ. ಕಲಿಯುವ ತಾಳ್ಮೆಯೂ ಇರಲಿಲ್ಲ. ತನಗೆ ಕಂಡ ಹಾಗೆ ಹೆಸರಿಟ್ಟಳು. ನಕ್ಷತ್ರದ ಗುರುತು ಬಂದರೆ ಚುಕ್ಕಿ. ಗೀಟಿನ ತುದಿಗೆ ಮೂತಿ ಇದ್ದರೆ ಬಾಣ. ಬಾಗಿದ ಆವರಣ ಶುರುವಾದರೆ 'ಬಾಗಿಲು ತೆಗಿ', ಮುಗಿದರೆ 'ಬಾಗಿಲು ಹಾಕು'. ಸಾಲು ಮುಗಿಯುವ ಗುರುತಿಗೆ 'ಆಯ್ತು'. ಕಂಪ್ಯೂಟರಿನ ನೆನಪಿನಲ್ಲಿ ಜಾಗ ಕೇಳುವ ಆಜ್ಞೆಗೆ 'ಜಾಗ ಕೊಡು', ಹಿಂದಿರುಗಿಸುವುದಕ್ಕೆ 'ಜಾಗ ಬಿಡು'. ಸಿ ಭಾಷೆಯಲ್ಲಿ ಯಾವುದೂ ಇಲ್ಲ ಎನ್ನುವುದನ್ನು ತೋರಿಸಲು ಒಂದು ಪದವಿದೆ. ಅದರ ಅರ್ಥ ಏನೆಂದು ಅವಳು ಕೇಳಿದಳು, ನಾನು ಹೇಳಿದೆ. "ಅಷ್ಟೇನಾ, ಹಾಗಾದ್ರೆ ಏನಿಲ್ಲ ಅಂತೀನಿ" ಎಂದಳು. ಅವತ್ತಿನಿಂದ ಅದು 'ಏನಿಲ್ಲ' ಆಯಿತು.

ನಾನು ಇವತ್ತಿಗೂ ಕಂಡಿ ಹುಡುಕುವುದು ಈ ಲಯದಲ್ಲೇ. 'ಜಾಗ ಕೊಡು' ಆದ ಮೇಲೆ, ಕೊಟ್ಟರೋ ಇಲ್ಲವೋ ನೋಡಲು ಒಂದು 'ಏನಿಲ್ಲ' ಬರಲೇಬೇಕು. ಬರಲಿಲ್ಲವೆಂದರೆ ಬರೆದವನು ನೋಡದೇ ಕಾಲಿಟ್ಟಿದ್ದಾನೆ. ಒಂದೇ ಜಾಗಕ್ಕೆ ಎರಡು ಸಲ 'ಜಾಗ ಬಿಡು' ಕೇಳಿಸಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಅಕ್ಕನಿಗೆ ಮದುವೆ ನಿಶ್ಚಯವಾದಾಗ ನನಗೆ ದಿಗಿಲಾಯಿತು, ಇನ್ನು ಓದಿ ಹೇಳುವವರು ಯಾರು ಎಂದು. ಅವಳೇ ಉಪಾಯ ಹೇಳಿದಳು. "ಪದಗಳನ್ನೆಲ್ಲ ಒಂದ್ಸಲ ಹೇಳಿ ರೆಕಾರ್ಡ್ ಮಾಡಿಟ್ಟು ಹೋಗ್ತೀನಿ. ಬೇಕಾದ್ದನ್ನ ಬೇಕಾದ ಹಾಗೆ ಜೋಡಿಸ್ಕೊ. ನೀನು ಬೃಹಸ್ಪತಿ ಅಲ್ವಾ?" ಬೀದಿಯ ಸದ್ದು ಬರಬಾರದೆಂದು ಬಟ್ಟೆ ಬೀರುವಿನೊಳಗೆ, ನೇತುಹಾಕಿದ ಕೋಟು ಸೀರೆಗಳ ನಡುವೆ ಮೈಕು ಹಿಡಿದು ಕೂತಳು. ಪಟ್ಟಿಯ ಕೊನೆಯ ಪದ 'ಏನಿಲ್ಲ'. ನಾನು ಆಚೆ ಕಂಪ್ಯೂಟರಿನ ಮುಂದೆ ಕೂತು, ಅವಳ ಕೆಮ್ಮು, ಉಸಿರು, ಬೈಗುಳ ಎಲ್ಲ ಕತ್ತರಿಸಿ ತೆಗೆದು, ಬರೀ ಪದಗಳನ್ನು ಸಾಲಾಗಿ ಒಂದು ಫೈಲಿನಲ್ಲಿ ಇಟ್ಟೆ. ಅವನ್ನು ಜೋಡಿಸಿ ಓದುವ ಪ್ರೋಗ್ರಾಮನ್ನೂ ಸಿ ಭಾಷೆಯಲ್ಲೇ ಬರೆದೆ. ಓದು ಅಕ್ಕ ಎಂದು ಅದಕ್ಕೆ 'ಓದಕ್ಕ' ಎಂದು ಹೆಸರಿಟ್ಟೆ.

ಎಳೆಯ ಕೈಯ ಕೆಲಸ, ತಪ್ಪು ಉಳಿಯಿತು. ಕೊನೆಯ ಪದದ ಉದ್ದವನ್ನು ಬರೆದಿಡುವಾಗ ಲೆಕ್ಕ ತಪ್ಪಿ ಕೊಂಚ ಹೆಚ್ಚಿಗೆ ಬರೆದೆ. ಹಾಗಾಗಿ ಓದಕ್ಕ 'ಏನಿಲ್ಲ'ದ ಹತ್ತಿರ ಬಂದಾಗಲೆಲ್ಲ ಗಡಿ ದಾಟಿ ಮುಂದಕ್ಕೂ ಒಂದು ಚೂರು ಓದುತ್ತಿತ್ತು. ಆ ಚೂರಿನಲ್ಲಿ ಇದ್ದದ್ದು ಒಂದೇ ಅಕ್ಷರ. "ಏನಿಲ್ಲ… ಲೋ."

ಅಕ್ಕ ನನ್ನನ್ನು ಕರೆಯುತ್ತಿದ್ದದ್ದು ಹಾಗೇ. ಲೋ ಎಂದರೆ ನಾನೇ. ಆ ಗಳಿಗೆ ನನಗೆ ಚೆನ್ನಾಗಿ ನೆನಪಿತ್ತು. ಪಟ್ಟಿ ಮುಗಿದ ಕೂಡಲೇ ಬೀರುವಿನೊಳಗಿಂದ ಅವಳು "ಲೋ, ಬಾಗಿಲು ತೆಗಿಯೋ, ಸೆಕೆ ತಡಿಯಕ್ಕಾಗ್ತಿಲ್ಲ" ಎಂದಳು. ನಾನು ತಡವರಿಸುತ್ತ ಹೋಗಿ ಬಾಗಿಲು ತೆಗೆದೆ. ಬಟ್ಟೆಯ ಬಿಸಿ ಗಾಳಿ ಮುಖಕ್ಕೆ ಬಡಿಯಿತು.

ತಪ್ಪು ಗೊತ್ತಾದಾಗ ಸರಿಪಡಿಸಬಹುದಿತ್ತು, ಒಂದು ಸಂಖ್ಯೆ ಬದಲಿಸಿದರೆ ಆಗುತ್ತಿತ್ತು. ಮನಸ್ಸಾಗಲಿಲ್ಲ. ಮಿಕ್ಕ ಪದಗಳನ್ನೆಲ್ಲ ಅಕ್ಕ ಓದುತ್ತಾಳೆ, ಅದೊಂದರಲ್ಲಿ ಮಾತ್ರ ನನ್ನನ್ನು ಕರೆಯುತ್ತಾಳೆ. ಒಮ್ಮೆ ಅವಳ ಮನೆಗೆ ಹೋದಾಗ ಹೇಳಿದೆ, "ನೀನು ನನ್ನನ್ನ ದಿನಾ ನೂರಾರು ಸಲ ಲೋ ಅಂತ ಕರೀತೀಯ ಗೊತ್ತಾ?" ಅವಳು ನಕ್ಕು, "ಕರೆದ್ರೆ ಒಂದ್ಸಲಕ್ಕೆ ಬರೋ ಜಾತಿಯಲ್ಲವಲ್ಲ ನೀನು, ಅದಕ್ಕೇ" ಎಂದಳು. ಅವಳಿಗೂ ಅದು ಕರೆಯೆಂದೇ ಅನಿಸಿತ್ತು. ಹಾಗೆ ಕರೆದದ್ದು ತನಗೆ ಮರೆತೇ ಹೋಗಿದೆ ಎಂದಳು, ಆದರೆ ಕರೆದಿಲ್ಲ ಎನ್ನಲಿಲ್ಲ.

ಕಾಯಿಲೆ ಬಂದಾಗ ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಡಾಕ್ಟರು ಏನಂದ್ರು ಎಂದು ಫೋನಿನಲ್ಲಿ ಕೇಳಿದರೆ "ಏನಿಲ್ಲ ಕಣೋ, ಸುಸ್ತು ಅಷ್ಟೆ" ಎನ್ನುತ್ತಿದ್ದಳು. ಭಾವ ನನಗೆ ನಿಜ ಹೇಳಿದಾಗ ಅವಳಿಗೆ ಮಾತಾಡುವ ಶಕ್ತಿಯೇ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಅವಳ ಕೈ ಹಿಡಿದು ಕೂತಿದ್ದೆ. ನನಗೆ ಮುಖ ಕಾಣುವುದಿಲ್ಲ. ದನಿ ನಿಂತ ಮೇಲೆ ಅವಳು ನನ್ನ ಪಾಲಿಗೆ ಬರೀ ಒಂದು ತಣ್ಣನೆಯ ಕೈ.

ಅವಳು ಹೋದ ಮೇಲೆ ಒಂದು ದಿನ ಭಾವ ನನ್ನ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. "ಅವಳ ದನಿ ನಿನ್ನ ಹತ್ರ ಇದೆಯಂತಲ್ಲ, ಒಂದ್ಸಲ ಕೇಳಿಸ್ತೀಯಾ?" ಎಂದರು. ನಾನು ಓದಕ್ಕನಿಗೆ ಒಂದು ಪುಟ ಕೊಟ್ಟೆ. ಚುಕ್ಕಿ, ಬಾಣ, ಜಾಗ ಕೊಡು, ಬಾಗಿಲು ಹಾಕು, ಆಯ್ತು. ಭಾವ ಕೇಳಿದರು. "ಅವಳದ್ದೇ ದನಿ. ಆದ್ರೆ ಅವಳಲ್ಲ. ಓದ್ತಾ ಇದಾಳೆ ಅಷ್ಟೆ" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು. 'ಏನಿಲ್ಲ' ಬರುವ ಪುಟವನ್ನು ನಾನು ಬೇಕೆಂದೇ ಕೊಟ್ಟಿರಲಿಲ್ಲ. ಅವರ ಹತ್ತಿರ ಫೋಟೋ ಇದೆ, ಸೀರೆಗಳಿವೆ, ಕಣ್ಣಿದೆ. ಈ ಒಂದು ಅಕ್ಷರ ನನ್ನದು ಎಂದು ಹೊಟ್ಟೆಕಿಚ್ಚಿನಿಂದ ಬಚ್ಚಿಟ್ಟುಕೊಂಡೆ.

ಆಮೇಲೆ ಕಚೇರಿಯಲ್ಲಿ ಪ್ರತಿ ಸಲ ಅವಳು "ಲೋ" ಎಂದಾಗ "ಹೇಳಕ್ಕ" ಎಂದು ಗೊಣಗುವುದು ಅಭ್ಯಾಸವಾಯಿತು. ನಾನು ಮಂತ್ರ ಹೇಳುತ್ತೇನೆಂದು ಕಾಫಿ ಯಂತ್ರದ ಬಳಿ ಯಾರೋ ಸುದ್ದಿ ಹಬ್ಬಿಸಿದ್ದರು. ಹಬ್ಬಿಸಲಿ ಎಂದು ಬಿಟ್ಟೆ.

ಹೀಗಿರುವಾಗ ದೊಡ್ಡ ಗಿರಾಕಿಯೊಬ್ಬರು ಬಂದರು. ಅವರದ್ದೊಂದು ಕರಾರು. ತಮ್ಮ ಪ್ರೋಗ್ರಾಮನ್ನು ನಮ್ಮ ಯಾವ ಯಂತ್ರಗಳಲ್ಲಿ ತೆರೆಯುತ್ತೇವೋ, ಆ ಯಂತ್ರಗಳಲ್ಲಿರುವ ಪ್ರೋಗ್ರಾಮುಗಳೂ ಸ್ಕ್ಯಾನ್ ಆಗಿರಬೇಕು. ನ್ಯಾಯವಾದ ಮಾತೇ. ಕಳ್ಳನನ್ನು ಹಿಡಿಯುವವರ ಮನೆಗೆ ಬೀಗ ಇಲ್ಲದಿದ್ದರೆ ಹೇಗೆ? ಕೆಲಸ ಜರಡಿಯ ಪಾಲಿಗೆ ಬಿತ್ತು.

ಜರಡಿ ಎಂದರೆ ನನ್ನ ಪಕ್ಕದ ಮೇಜಿನ ಹುಡುಗಿ. ಹೆಸರು ನಾನೇ ಇಟ್ಟದ್ದು. ಸ್ಕ್ಯಾನರ್ ತಂದು ಸುರಿದದ್ದನ್ನು ಒಂದು ಕಾಳೂ ಬಿಡದೆ ಸೋಸುತ್ತಾಳೆ. ಅವಳು ಬಂದ ಹೊಸದರಲ್ಲಿ ನಾನೇ ಪಾಠ ಹೇಳಿಕೊಟ್ಟಿದ್ದೆ. ಪ್ರೋಗ್ರಾಮು ಬರೆದವರು ಏನೇನು ನೆಪ ಹೇಳುತ್ತಾರೆ ಎಂಬ ಪಾಠವೂ ಅದರಲ್ಲಿ ಸೇರಿತ್ತು. ಅವಳು ಒಂದು ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಕುರ್ಚಿಯ ಗಾಲಿಯ ಸದ್ದಿನಲ್ಲೇ ಹಿಂಜರಿಕೆಯಿತ್ತು.

"ಸರ್, ನಿಮ್ಮ ಓದಕ್ಕನ್ನ ಸ್ಕ್ಯಾನ್ ಮಾಡಿದೆ. ಸುಮಾರು ಬಂದಿದೆ. ಹೆಚ್ಚಿನದ್ದೆಲ್ಲ ಸುಮ್ನೆ ಬೊಬ್ಬೆ. ಒಂದು ಮಾತ್ರ ನಿಜ."

"ಯಾವುದು?" ಎಂದೆ. ಯಾವುದೆಂದು ನನಗೆ ಗೊತ್ತಿತ್ತು.

"ಪದದ ಉದ್ದ ಎಷ್ಟು ಅಂತ ಫೈಲು ಹೇಳುತ್ತೋ ಅಷ್ಟನ್ನೂ ಕಣ್ಣು ಮುಚ್ಚಿ ನಂಬಿ ನಕಲು ಮಾಡ್ತಾ ಇದೆ ಸರ್. ಗಡಿ ನೋಡ್ತಾನೇ ಇಲ್ಲ. ಯಾರಾದ್ರೂ ಫೈಲನ್ನ ತಿದ್ದಿ ದೊಡ್ಡ ಉದ್ದ ಬರೆದಿಟ್ರೆ, ನೆನಪಿನಲ್ಲಿ ಪಕ್ಕದಲ್ಲಿ ಇರೋದೆಲ್ಲ ಸೋರಿಹೋಗುತ್ತೆ. ಗಿರಾಕಿಯ ಗುಟ್ಟು ಕೂಡ."

"ಇಷ್ಟು ವರ್ಷದಿಂದ ಇದೆ, ಏನೂ ಆಗಿಲ್ಲ" ಎಂದೆ.

ನಾನು ಹೇಳಿಕೊಟ್ಟ ನೆಪಗಳಲ್ಲಿ ಇದೇ ಮೊದಲನೆಯದು. ಬರೆದವರು ಈ ಮಾತಾಡಿದಾಗಲೆಲ್ಲ ನಾವಿಬ್ಬರೂ ಸೇರಿ ನಗುತ್ತಿದ್ದೆವು. ಈಗ ಅವಳು ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಮಧ್ಯಾಹ್ನ ದೊಡ್ಡವರು ಬಂದರು. ನಮ್ಮ ಮೇಲಿನವರು, ಬೆನ್ನು ತಟ್ಟಿ ಕತ್ತು ಕೊಯ್ಯುವ ಜಾತಿ. "ನಿಮ್ಮ ಭಾವನೆ ನಮಗೆ ಅರ್ಥ ಆಗುತ್ತೆ. ಆದ್ರೆ ನಾಳೆಯೊಳಗೆ ಸರಿಪಡಿಸಿ, ಇಲ್ಲಾಂದ್ರೆ ತೆಗೆದುಹಾಕಿ. ಈಗ ಎಷ್ಟೋ ಒಳ್ಳೊಳ್ಳೆ ಓದೋ ಪ್ರೋಗ್ರಾಮ್ ಬಂದಿದಾವಲ್ಲ, ಕಂಪನಿ ಕೊಡ್ಸುತ್ತೆ" ಎಂದರು. ಭಾವನೆ ಅರ್ಥವಾದವರು ಅಷ್ಟು ಬೇಗ ಹೊರಟುಹೋಗುವುದಿಲ್ಲ. ಅವರ ಬೂಟಿನ ಸದ್ದು ಆಗಲೇ ಮೆಟ್ಟಿಲ ಹತ್ತಿರ ಇತ್ತು.

"ಒಂದು ಸಂಖ್ಯೆ ಸರ್, ಆಮೇಲೆ ಗಡಿ ನೋಡೋ ಒಂದು ಸಾಲು. ನಾನು ಮಾಡಿಕೊಡ್ತೀನಿ. ಅಕ್ಕನ ದನಿ ಎಲ್ಲ ಹಾಗೇ ಇರುತ್ತೆ" ಎಂದಳು ಜರಡಿ.

"ಆ ಸಂಖ್ಯೆಯೇ ನನಗೆ ಬೇಕಾಗಿರೋದು ಕಣಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಆಗಬೇಕಾದರೆ ಹೇಳಲೇಬೇಕಿತ್ತು. ಅಕ್ಕನನ್ನು ಬಿಟ್ಟು ಯಾರಿಗೂ ಹೇಳದ ಮಾತು. ಕಿವಿಯಿಂದ ಹೆಡ್‌ಫೋನ್ ತೆಗೆದು ಅವಳಿಗೆ ಕೊಟ್ಟೆ. 'ಏನಿಲ್ಲ' ಬರುವ ಸಾಲನ್ನು ಓದಿಸಿದೆ. ಬೀರು, ಸೆಕೆ, ಬಾಗಿಲು ತೆಗೆದದ್ದು ಎಲ್ಲ ಹೇಳಿದೆ. ಇಷ್ಟು ವಯಸ್ಸಾದವನು ಕಚೇರಿಯಲ್ಲಿ ಕೂತು ಒಂದು ಅಕ್ಷರಕ್ಕೆ ಅಳುವುದೇ ಎಂದು ನನ್ನ ಮೇಲೇ ಸಿಟ್ಟು ಬಂತು. ಆದರೂ ಅತ್ತೆ.

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಕೆಲಸದ ದನಿಯಲ್ಲಿ, "ಹಾಗಾದ್ರೆ ಸುಲಭ ಸರ್. ಪದ ಮುಗಿಯೋ ಗಡಿಯನ್ನೇ ಲೋ ಆದ ಮೇಲೆ ಇಟ್ರೆ ಆಯ್ತಲ್ಲ? ಆಗ ಅದು ಗಡಿಯ ಒಳಗಿನದ್ದೇ ಆಗುತ್ತೆ. ಕಂಡಿಯೂ ಮುಚ್ಚುತ್ತೆ, ಲೋನೂ ಉಳಿಯುತ್ತೆ" ಎಂದಳು.

ನನಗೆ ಹೊಳೆದಿರಲಿಲ್ಲ ಎಂದಲ್ಲ. ಕೈ ಹಾಕಿದರೆ ಇರುವುದೂ ಹೋದೀತು ಎಂಬ ಹೆದರಿಕೆಯಿಂದ ನಾನು ಆ ಕಡೆ ತಲೆಯೇ ಹಾಕಿರಲಿಲ್ಲ. ಬೇರೆಯವರು ಹೇಳಿದಾಗ ಜೀವಕ್ಕೆ ತಂಪೆನಿಸಿತು. "ಮಾಡಮ್ಮ, ಹುಷಾರಾಗಿ ಮಾಡು" ಎಂದೆ.

ಲೋ ಎಲ್ಲಿ ಮುಗಿಯುತ್ತದೆ ಎಂದು ನೋಡಲು ಅವಳು ಫೈಲನ್ನು ಪರದೆಯ ಮೇಲೆ ತೆರೆದಳು. ದನಿ ಅಲೆಯಂತೆ ಕಾಣುತ್ತದಂತೆ, ಮಾತಿದ್ದಲ್ಲಿ ಉಬ್ಬು, ಇಲ್ಲದಲ್ಲಿ ಗೀಟು. ಕ್ಲಿಕ್ ಕ್ಲಿಕ್ ಎಂದು ಮೌಸು ಒತ್ತುತ್ತಿದ್ದವಳು ನಿಲ್ಲಿಸಿದಳು.

"ಸರ್, ಇದು ಇಲ್ಲಿಗೆ ಮುಗಿಯಲ್ಲ. ನೀವು ಆವತ್ತು ಗಡಿ ಗುರುತು ಹಾಕಿದೀರಿ ಅಷ್ಟೆ, ಬಾಲ ಕತ್ತರಿಸಿಲ್ಲ. ಲೋ ಆದ ಮೇಲೂ ಅಲೆ ಇದೆ. ಅವರು ಇನ್ನೂ ಮಾತಾಡ್ತಾ ಇದಾರೆ."

ಕತ್ತರಿಸಿ ಎಸೆದೆ ಎಂದು ಇಷ್ಟು ವರ್ಷ ಅಂದುಕೊಂಡದ್ದು ಅಲ್ಲೇ ಇತ್ತು. ದಿನಾ ನನ್ನ ಯಂತ್ರದ ನೆನಪಿಗೆ ಬಂದು ಹೋಗುತ್ತಿತ್ತು, ಗಡಿಯಿಂದ ಒಂದು ಅಕ್ಷರದಾಚೆ. ಲೋ, ಬಾಗಿಲು ತೆಗಿಯೋ. ಅವಳು ಅದನ್ನು ಮತ್ತೆ ಹೇಳುತ್ತಾಳೆ. ಓದುವುದಲ್ಲ, ಹೇಳುತ್ತಾಳೆ, ನನಗೆ. ನಾನು ಅಷ್ಟು ಸಂತೋಷಪಟ್ಟು ಎಷ್ಟು ದಿನವಾಗಿತ್ತೋ. "ಜೋರಾಗಿ ಹಾಕು" ಎಂದೆ, "ನೀನೂ ಕೇಳು."

ಹಾಕಿದಳು.

"ಏನಿಲ್ಲ," ಎಂದಳು ಅಕ್ಕ, ಪಟ್ಟಿ ಓದುವ ದನಿಯಲ್ಲಿ. ಒಂದು ಉಸಿರು. ಆಮೇಲೆ ಮಾಮೂಲಿ ದನಿಯಲ್ಲಿ, "ಲೋಟ ಕೊಡಮ್ಮ. ಗಂಟಲೆಲ್ಲ ಒಣಗಿಹೋಯ್ತು ಇವನ ದೆಸೆಯಿಂದ."

ಬೀರುವಿನ ಬಾಗಿಲು ಕಿರ್ರೆಂದಿತು. "ತಗೋ," ಎಂದಳು ಅಮ್ಮ. ಅಮ್ಮ ಹೋಗಿ ಎಷ್ಟೋ ಕಾಲವಾಗಿದೆ. ಗುಟುಕು ಗುಟುಕಾಗಿ ನೀರು ಕುಡಿಯುವ ಸದ್ದು. ಲೋಟವನ್ನು ಮರದ ಮೇಲೆ ಇಟ್ಟ ಸದ್ದು. ಅಲ್ಲಿಗೆ ಮುಗಿಯಿತು.

ನಾನು ಇನ್ನೊಂದು ಸಲ ಹಾಕಿಸಿದೆ. ಲೋ ಅಲ್ಲ, ಲೋಟ. ಎರಡನೆಯ ಅಕ್ಷರ ನಾಲಿಗೆಗೆ ತಾಗುವ ಮೊದಲೇ ನನ್ನ ತಪ್ಪು ಲೆಕ್ಕ ಅದನ್ನು ಕಡಿದುಹಾಕಿತ್ತು. ಉಳಿದ ತುಂಡನ್ನು ನಾನು ನನ್ನ ಹೆಸರು ಎಂದುಕೊಂಡೆ. ಬೀರುವಿನ ಬಾಗಿಲು ತೆಗೆದವಳು ಅಮ್ಮ. ಹಾಗಾದರೆ ತಡವರಿಸುತ್ತ ಹೋದ ನನ್ನ ಕಾಲು, ಮುಖಕ್ಕೆ ಬಡಿದ ಬಿಸಿ ಗಾಳಿ? ಅವೆಲ್ಲ ನಾನೇ ಆ ಅಕ್ಷರದ ಸುತ್ತ ಕಟ್ಟಿಕೊಂಡದ್ದು. ದಿನಾ ಕೇಳಿ ಕೇಳಿ, ನಡೆಯದ್ದು ನೆನಪಾಗಿ ಕೂತಿತ್ತು. ಅವಳು ಸತ್ತಾಗ ಆದದ್ದಕ್ಕಿಂತ ಈ ಸಂಕಟ ಬೇರೆ. ಆಗ ಇದ್ದವಳು ಹೋದಳು. ಈಗ, ಇದ್ದಳು ಅಂದುಕೊಂಡ ಜಾಗದಲ್ಲಿ ಅವಳು ಯಾವತ್ತೂ ಇರಲೇ ಇಲ್ಲ ಎಂದು ಗೊತ್ತಾಯಿತು.

"ಬಾಲವನ್ನ ಬೇರೆ ಫೈಲು ಮಾಡಿ ಕೊಡ್ಲಾ ಸರ್? ಮನೆಗೆ ತಗೊಂಡು ಹೋಗಿ" ಎಂದಳು ಜರಡಿ. ಅವಳ ದನಿಯೂ ಸರಿಯಿರಲಿಲ್ಲ.

"ಮಾಡು. ನಮ್ಮ ಭಾವನಿಗೆ ಕೊಡ್ತೀನಿ. ಅವಳು ಮಾತಾಡಿದ್ದು ಕೇಳಬೇಕು ಅಂತಿದ್ರು. ಇದು ಮಾತಾಡಿದ್ದೇ."

ಅವಳು ಮಾಡಿ, ನನ್ನ ಕೈಗೊಂದು ಪೆನ್‌ಡ್ರೈವ್ ಇಟ್ಟಳು. ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿದಳು. ಗಡಿ ನೋಡುವ ಸಾಲು ಬರೆದದ್ದಾಯಿತು ಎಂದಳು. ಇನ್ನು ಉಳಿದದ್ದು ಆ ಸಂಖ್ಯೆ.

"ಎಲ್ಲಿಗೆ ನಿಲ್ಲಿಸ್ಲಿ ಸರ್?" ಎಂದು ಮೆಲ್ಲಗೆ ಕೇಳಿದಳು. "ಲೋ ತನಕ ಇಡಬಹುದು. ಸ್ಕ್ಯಾನರ್ ಏನೂ ಅನ್ನಲ್ಲ. ಮೊದಲು ಹೇಗೆ ಕೇಳಿಸ್ತಿತ್ತೋ ಹಾಗೇ ಕೇಳಿಸುತ್ತೆ."

ನಾನು ಯೋಚಿಸಿದೆ. ಇಡಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಂದಿನ ಸಲ ಅದು ಕೇಳಿಸಿದಾಗ ನಾನು ಏನೆಂದು ಓಗೊಡಲಿ?

"ಬೇಡಮ್ಮ," ಎಂದೆ. "ಏನಿಲ್ಲ ಅಂತಾಳಲ್ಲ, ಅಲ್ಲಿಗೇ ನಿಲ್ಲಿಸು. ಅವಳು ನನ್ನ ಕರೆದೇ ಇರಲಿಲ್ಲ."